ಕುರ್ಚಿಗೆ ಕಿವಿಗೊಟ್ಟಾಗ

ಟೆಂಡರ್ ದಿನ ಎಂದಿನಂತೆ ಕಚೇರಿಯ ಫ್ಯಾನು ನಿಲ್ಲಿಸಿದರು. ವಸ್ತುಗಳು ತಾವು ಹುಟ್ಟಿದ ಜಾಗದ ಸದ್ದನ್ನು ಒಳಗಿಟ್ಟುಕೊಳ್ಳತೊಡಗಿದ ಮೇಲೆ, ಸರ್ಕಾರ ಕಿವಿಗೊಟ್ಟು ಕೇಳದೆ ಏನನ್ನೂ ಕೊಳ್ಳುವಂತಿರಲಿಲ್ಲ.

ಖರೀದಿ ಅಧಿಕಾರಿ ನೀಲಗಂಗಮ್ಮ, ಅಂಗನವಾಡಿಗಳಿಗೆಂದು ಟೆಂಡರಿಗೆ ಬಂದ ಮಾದರಿ ಕುರ್ಚಿಗಳಲ್ಲಿ ಮೊದಲನೆಯದಕ್ಕೆ ಕಿವಿ ಹಚ್ಚಿದರು. ಗರಗಸದ ಸದ್ದು, ಕಾಡು ಉರುಳುವ ಸದ್ದು. "ಬ್ಯಾಡ್ರಿ!" ಎರಡನೆಯದರಲ್ಲಿ ಕಾರ್ಖಾನೆಯ ಕೊಳೆನೀರು ಕೆರೆಗೆ ಸುರಿಯುತ್ತಿತ್ತು.

"ಇದರದ್ದ ಕಡಿಮಿ ರೇಟ್ ಐತ್ರಿ ಮೇಡಂ," ಎಂದು ಗುಮಾಸ್ತ ಈರಪ್ಪ ಪೇಚಾಡಿದ.

"ಅಂಗನವಾಡಿ ಕೂಸುಗಳು ದಿನಾ ಇದನ್ನ ಕೇಳ್ಕೋತ ಕುಂಡ್ರಬೇಕೇನ್ರಿ?"

ಕೊನೆಯ ಕುರ್ಚಿ ಸಂತೆಮಾಳದಲ್ಲಿ ಬಿರುಗಾಳಿಗೆ ಬಿದ್ದ ಹುಣಸೆಮರದ್ದು. ಕಿವಿ ಹಚ್ಚಿದವರೇ ನೀಲಗಂಗಮ್ಮ ಕೂಗಿದರು: "ಈರಪ್ಪ, ಲಗೂ ಬರ್ರಿ! ಗಿಳಿ! ಮರಿ ಸೈತ ಅದಾವ!"

ಅವನು ಬಾಗುವಷ್ಟರಲ್ಲಿ ಕಿಟಕಿಯಾಚೆ ಒಂದು ಗಿಳಿ ಓಗೊಟ್ಟಿತು. ಹಾರಿ ಒಳಬಂದು ಕುರ್ಚಿಯ ಕೈಮೇಲೆ ಕುಳಿತಿತು.

ಈರಪ್ಪ ಕಡಿಮೆ ರೇಟನ್ನೇ ಮರೆತ. "ಮೇಡಂ, ತನ್ನ ಗಿಡದ ಗುರ್ತ ಹಿಡೀತ್ರಿ!"