ಪಾತಿ ದೋಣಿಯ ಪರೀಕ್ಷೆ

ಒಬ್ಬರೇ ಕೂರುವ ಹಳೆಯ ಪಾತಿ ದೋಣಿಯೊಂದನ್ನು ಕೊಳ್ಳುವ ಮುನ್ನ ಗುಲಾಬಿ, ದೋಣಿ ಕಟ್ಟುವ ವಾಸು ಆಚಾರಿಯನ್ನು ಕರೆತಂದಿದ್ದಳು. ಎರಡು ವರ್ಷದ ಹಿಂದೆ ಹೆರಿಯ ಎಂಬವನು ಒಳಗೆ ಕೊಳೆತು ಕುಂಬಾದ ಮರದ ದೋಣಿಗೆ ಬಣ್ಣ ಬಳಿದು ಅವಳ ಗಂಡನಿಗೆ ಮಾರಿದ್ದ. ಅದು ಹೊಳೆಯ ನಡುವೆ ಸೀಳಿ, ಗಂಡ ಹೆಣವಾಗಿ ದಡ ಸೇರಿದ್ದ. "ದೋಣಿ ನಡೆಸುಕೆ ಬಾರದವಂಗೆ ನಾನೆಂತ ಮಾಡುದ್?" ಎಂದು ಹೆರಿಯ ಕೈತೊಳೆದುಕೊಂಡಿದ್ದ.

ಆಚಾರಿ ಕವುಚಿದ ದೋಣಿಯ ತಳವನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತ ಬಂದು ಒಂದೆಡೆ ನಿಂತ. ಫೈಬರ್ ಹೊದಿಕೆಯ ಅಂಚನ್ನು ಎಬ್ಬಿಸಿ ಉಳಿ ಇಟ್ಟ. ಕೈ ಒತ್ತುವ ಮೊದಲೇ ಉಳಿ ಒಳಗಿಳಿಯಿತು.

"ಹೆಬ್ಬಲಸು ಅಂದ್ನಾ ಮಾರುವವ? ಇದು ಮಾವು ಅಕ್ಕಾ. ನೀರು ಕುಡ್ದು ಕುಂಬಾಯಿತ್. ಇದ್ರಗೆ ಹೊಳೆ ನಡೂಗ್ ಹೋರೆ ವಾಪಸ್ ಬಪ್ಪುಕಾತಿಲ್ಲ. ಬ್ಯಾಡ."

"ಹೊರಗಿಂದ ನೋಡ್ರೆ ಗೊತ್ತಾತ್ತಾ?"

"ನಾನಲ್ದೆ ಬೇರೆ ಯಾರಿಗೂ ಗೊತ್ತಾತಿಲ್ಲ."

ಗುಲಾಬಿ ಎದ್ದಿದ್ದ ಹೊದಿಕೆಯನ್ನು ಅಂಗೈಯಿಂದ ಒತ್ತಿ ಕೂರಿಸಿದಳು.

"ಹಾಂಗಾರೆ ತಕಂತೆ. ಹೆರಿಯ ಒಂದು ಪಾತಿ ಹುಡುಕ್ತಾ ಇದ್ದ. ತೋರ್ಸುಕೆ ಅವ ನಿಮ್ಮನ್ನೇ ಕರೆಸ್ತ ಆಚಾರಿ. ಈಗ ನಂಗೆ ಹೇಳಿದ್ದನ್ನ ಅವನಿಗೆ ಮಾತ್ರ ಹೇಳ್ಬೇಡಿ."