ಎರಡು ಕೊಡ ಎಣ್ಣೆಯ ಪ್ರೇಮಿ

ನಾಯಕನ ಪಾತ್ರಕ್ಕೆ ಎರಡು ಕೊಡ ಹರಳೆಣ್ಣೆ ಬಿತ್ತು. ದೀವಟಿಗೆಗೆ ಎಣ್ಣೆ ಕೊಟ್ಟವರೇ ನಾಯಕರಾಗುವುದು ಬಾಗೂರಿನಲ್ಲಿ ನಮ್ಮ ಕೇರಿಯ ಪದ್ಧತಿ. ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ತಾಲೀಮಿನ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಎಳೆಯ ಪ್ರೇಮಿಗಳ ನಗೆನಾಟಕಕ್ಕೆ ಬೊಚ್ಚುಬಾಯಿಯ ಗಾಣದ ಸಾಹುಕಾರ ನಾಯಕ. ಊರಿಗೇ ಚೆಂದ ಹಾಡುವ ನನ್ನಣ್ಣ ಸೀರೆಯುಟ್ಟು ನಾಯಕಿ. "ನನ್ನ ಗಿಣಿಯೇ" ಎನ್ನುವಷ್ಟರಲ್ಲಿ ಸಾಹುಕಾರನ ಎಲೆಯಡಿಕೆಯ ಕೆಂಪು ಎಂಜಲು ಅಣ್ಣನ ಮುಖಕ್ಕೆ ಸಿಡಿಯಿತು.

"ಥೂ, ಮೊಮ್ಮಕ್ಕಳ ತೊಟ್ಟಿಲು ತೂಗೋನಿಗೆ ಗಿಣಿ ಬೇಕಂತೆ!" ಎಂದಳು ತಾಲೀಮು ನೋಡಲು ಬಂದಿದ್ದ ನಮ್ಮಜ್ಜಿ.

"ಒರೆಸ್ಕಳಲೇ, ಎಣ್ಣೆ ಆಗ್ಲೇ ಬಂದೈತೆ," ಎಂದರು ನಾಟಕದ ಮೇಷ್ಟ್ರು.

ಸೀರೆ ಬಿಚ್ಚಿಟ್ಟು ಹೋದ ಅಣ್ಣ ಮತ್ತೆಂದೂ ಹಾಡಲಿಲ್ಲ.

ನೀವು ನಾಟಕ ಆಡಿಸುವುದಾದರೆ ಎಣ್ಣೆ ಕೊಟ್ಟವರಿಗೆ ರಾಜನ ಪಾತ್ರ ಕೊಡಿ. ಕಿರೀಟ ದೊಡ್ಡದಿರಲಿ, ಮಾತು ಬೇಡ.