ಲಕೋಟೆಯೊಳಗಿನ ನಡೆ

ಜಜ್ಜಿದ ಬೆಳ್ಳುಳ್ಳಿ, ಅರೆದ ಅಕ್ರೋಟು, ಅದರ ಮೇಲೊಂದಿಷ್ಟು ಪುದೀನ. ನಾನುಲಿ ಈ ವಾಸನೆಯಲ್ಲೇ ಬೆಳೆದವಳು. ಹೆತ್ತವರಿಲ್ಲದ ಅವಳನ್ನು ಸಾಕಿದ ದೊಡ್ಡಮ್ಮ ಎತೆರಿಯ ಕೈ ಅಡುಗೆಯದು. ಪುದೀನ ಹಾಕುವುದನ್ನು ಬೇರೆ ಯಾರ ಮನೆಯಲ್ಲೂ ಕಂಡಿರಲಿಲ್ಲ. ಈಗ ಅದೇ ವಾಸನೆ ಚದುರಂಗದ ಮಣೆಯ ಆಚೆಯಿಂದ, ಎದುರಾಳಿ, ಪಕ್ಕದ ಬೀದಿಯ ತ್ಸಿಯಾಲಾಳ ಬೆರಳುಗಳಿಂದ ಬರುತ್ತಿತ್ತು.

ಪಂದ್ಯ ಊಟಕ್ಕೆಂದು ನಡುವೆ ನಿಂತಿತ್ತು. ಪದ್ಧತಿಯಂತೆ ನಾನುಲಿ ತನ್ನ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ತೀರ್ಪುಗಾರರಿಗೆ ಕೊಟ್ಟು ಮನೆಗೆ ಹೋಗಿದ್ದಳು. ಡ್ರಾ ಆದರೂ ಸಾಕು, ತಮ್ಮ ಊರು ಕುತೈಸಿಯಿಂದ ಮಾಸ್ಕೋಗೆ ಮೂರು ವರ್ಷದ ತರಬೇತಿಗೆ ಹೋಗುವವಳು ಅವಳೇ.

ಊಟದ ನಂತರ ತೀರ್ಪುಗಾರರು ಲಕೋಟೆ ಒಡೆದರು. ಕುದುರೆಯ ಬಲಿ. ಯಾರೂ ಊಹಿಸಲಾರದ ನಡೆ. ತ್ಸಿಯಾಲಾ ಅರ್ಧ ನಿಮಿಷವೂ ಯೋಚಿಸದೆ, ಅದಕ್ಕಿದ್ದ ಒಂದೇ ಒಂದು ಉತ್ತರವನ್ನು ಆಡಿದಳು. ನಾನುಲಿ ಗಾಬರಿಯಲ್ಲಿ ಆನೆಯನ್ನು ಮುಂದೆ ತಳ್ಳಿದಳು. ಹತ್ತು ನಡೆಗಳಲ್ಲಿ ಸೋತಳು.

ಆ ನಡೆ ಗೊತ್ತಿದ್ದದ್ದು ಇಬ್ಬರಿಗೆ. ಅವಳಿಗೆ, ಮತ್ತು ಏಳನೆಯ ವಯಸ್ಸಿನಿಂದ ಕಲಿಸಿದ ವಾಲಿಕೋ ಮೇಷ್ಟರಿಗೆ. ಮನೆಯ ಊಟದ ಮೇಜಿನ ಮೇಲೆ ಇಬ್ಬರೂ ಕಾಯಿಗಳನ್ನು ಸರಿಸಿ ಸರಿಸಿ ನೋಡಿದ್ದರು. ತಟ್ಟೆಗಳಿಗೆ ಜಾಗ ಮಾಡಲು ದೊಡ್ಡಮ್ಮ ಮಣೆಯನ್ನು ಕಿಟಕಿಯ ಬಳಿಗೆ ಒಯ್ದಾಗ ನಾಲ್ಕು ಕಾಯಿಗಳು ಉರುಳಿದವು. ಪಾಪ, ಒಂದೊಂದನ್ನೇ ಎತ್ತಿ ಅದರದರ ಮನೆಯಲ್ಲಿಟ್ಟಳು.

"ನನಗೆ ಕುದುರೆ ಯಾವ್ದು ಕತ್ತೆ ಯಾವ್ದು ಗೊತ್ತಾಗಲ್ಲಪ್ಪ. ಪಕ್ಕದ ಬೀದಿಗೆ ಜರಡಿ ಕೊಟ್ಟು ಬರ್ತೀನಿ, ನೀವು ತಿನ್ನಿ," ಎಂದಳು. ಹೊರಡುವ ಮೊದಲು ಮೇಷ್ಟರ ಕೈಗೂ ಒಂದು ಬುತ್ತಿ ಕಟ್ಟಿಕೊಟ್ಟಳು.

ಆ ಬುತ್ತಿ ಈಗ ನಾನುಲಿಗೆ ನೆನಪಾಯಿತು. ಸಭಾಂಗಣದ ಮೆಟ್ಟಿಲ ಮೇಲೆ ಮೇಷ್ಟರನ್ನು ಅಡ್ಡಗಟ್ಟಿದಳು.

"ದೊಡ್ಡಮ್ಮನ ಬುತ್ತಿ ಆ ತ್ಸಿಯಾಲಾಗೆ ತಿನ್ನಿಸಿದ್ರಿ. ಜೊತೆಗೆ ನನ್ನ ನಡೇನೂ ಬಡಿಸಿದ್ರಾ ಮೇಷ್ಟ್ರೇ?"

ಮೇಷ್ಟರು ಕೈಯಲ್ಲಿದ್ದ ಟೋಪಿಯ ಧೂಳು ಕೊಡವಿದರು.

"ಹನ್ನೆರಡು ವರ್ಷ ಕಲಿಸಿದೆ. ನೀನು ಎದುರಿಗೆ ಕೂತವರನ್ನ ಮಾತ್ರ ನೋಡ್ತೀಯ ಮಗಳೇ. ಅದೊಂದನ್ನ ತಿದ್ದೋಕಾಗ್ಲಿಲ್ಲ."

"ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ."

ಅವರು ಟೋಪಿ ಹಾಕಿಕೊಂಡು ಇಳಿದು ಹೋದರು.

ಮನೆಯಲ್ಲಿ ನಾನುಲಿ ಅತ್ತಳು. ನಡೆದದ್ದನ್ನೆಲ್ಲ ಹೇಳಿದಳು. ದೊಡ್ಡಮ್ಮ ಅವಳ ತಲೆ ಸವರಿ, ಒಲೆಯ ಕಡೆ ಹೋಗಿ, ಬಿಸಿ ಜೋಳದ ರೊಟ್ಟಿಯ ತಟ್ಟೆಯನ್ನು ಮೆಲ್ಲಗೆ ಅವಳ ಕೈಗಿಟ್ಟಳು.

"ಆನೆಯನ್ನ ಮುಂದೆ ತಳ್ಳದೆ ಹಿಂದಿನ ಸಾಲಿಗೆ ತಂದಿದ್ರೆ ಡ್ರಾ ಆಗ್ತಿತ್ತು ಪುಟ್ಟಿ, ನೀನು ಹೊರಟುಬಿಡ್ತಿದ್ದೆ. ನನಗೆ ಅದೊಂದೇ ಹೆದರಿಕೆ ಇದ್ದದ್ದು."